ನುಸಿ ಎಂಬ ವಿಮಾನ ಮತ್ತು ನಮ್ಮ ದೊಡ್ಡ ದೊಡ್ಡ ಮಾದರಿಗಳು



ಮುಂದೆ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಆಟದ ಸಾಮಾನು ಇಡುವ ಕೋಣೆಯಿಂದ ಅಳತೆ ಟೇಪು ತನ್ನಿ. ಶಾಲೆಯ ಅಂಗಳದಲ್ಲಿ 9 ಮೀಟರ್ ಉದ್ದದ ಒಂದು ಗೆರೆ ಎಳೆಯಿರಿ. ಅದರ ನಡುವಿಗೆ ಅಡ್ಡಲಾಗಿ 6.7 ಮೀಟರಿನ ಇನ್ನೊಂದು ಗೆರೆ ಎಳೆಯಿರಿ. ಈಗ ಸ್ವಲ್ಪ ದೂರ ನಿಂತು ನೋಡಿ. ಇಷ್ಟೇ ಜಾಗದಲ್ಲಿ ಹಿಡಿಯುವ ಒಂದು ಜೆಟ್ ಯುದ್ಧವಿಮಾನ ಇತ್ತು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆದರೆ ಅದು ನಿಮ್ಮ ತರಗತಿ ಕೋಣೆಗಿಂತ ಬಹಳ ದೊಡ್ಡದೇನೂ ಅಲ್ಲ.

ಅದರ ಹೆಸರು ನ್ಯಾಟ್. ನ್ಯಾಟ್ ಅಂದರೆ ನುಸಿ, ಕೆಲವು ಊರುಗಳಲ್ಲಿ ಗುಂಗುರು ಅನ್ನುತ್ತಾರೆ. ಅದನ್ನು ಮಾಡಿದ್ದು ಇಂಗ್ಲೆಂಡಿನ ಫೋಲಂಡ್ ಏರ್‌ಕ್ರಾಫ್ಟ್ ಎಂಬ ಕಂಪೆನಿ. ಇಂದು ಆ ಕಂಪೆನಿ ಆ ಹೆಸರಿನಲ್ಲಿ ಇಲ್ಲ. ಆದರೂ ಅದರ ಕಥೆಯನ್ನು ನಿಮಗೆ ಹೇಳಬೇಕೆಂದು ನನಗೆ ಅನ್ನಿಸಲು ಒಂದು ಕಾರಣ ಉಂಟು. ಆ ಕಾರಣದಲ್ಲಿ ನನ್ನದೇ ಒಂದು ತಪ್ಪೂ ಇದೆ.

ನಮ್ಮ ಕಾಸರಗೋಡಿನ ಕಡೆ ಶಾಸ್ತ್ರೋತ್ಸವ ಅನ್ನುತ್ತೇವೆ, ನಿಮ್ಮಲ್ಲಿ ಹಲವರಿಗೆ ಅದು ವಿಜ್ಞಾನ ಮೇಳ. ಅಂಥ ಒಂದು ಕಡೆ ನಾನು ತೀರ್ಪುಗಾರರಲ್ಲಿ ಒಬ್ಬನಾಗಿದ್ದೆ. ಒಂದು ಮೇಜಿನ ಮೇಲೆ ಬಣ್ಣ ಬಳಿದ ದೊಡ್ಡ ಥರ್ಮೋಕೋಲ್ ರಾಕೆಟ್, ಸುತ್ತ ಮಿನುಗುವ ದೀಪಗಳು. ಪಕ್ಕದ ಮೇಜಿನಲ್ಲಿ ಇಬ್ಬರು ಹುಡುಗಿಯರು ಒಂದು ಸೋಪಿನ ಡಬ್ಬಿಯ ಮುಂದೆ ನಿಂತಿದ್ದರು. ಡಬ್ಬಿಯೊಳಗೆ ಒಂದು ಟ್ರಾನ್ಸಿಸ್ಟರ್, ಒಂದು ಬಜರ್, ಒಂದು ಬ್ಯಾಟರಿ. ಹೊರಗೆ ಇಳಿಬಿಟ್ಟ ಎರಡು ವಯರ್. ನೀರಿನ ಟ್ಯಾಂಕ್ ತುಂಬಿ ವಯರಿಗೆ ನೀರು ತಾಗಿದ ಕೂಡಲೇ ಬಜರ್ ಕೂಗುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಅವರಲ್ಲೊಬ್ಬಳು, "ನಮ್ಮದು ಸಣ್ಣದು ಸರ್" ಅಂದಳು, ತಪ್ಪು ಮಾಡಿದವರ ಹಾಗೆ. ನಾವು ಬಹುಮಾನ ಕೊಟ್ಟದ್ದು ರಾಕೆಟ್ಟಿಗೆ. ಆ ರಾಕೆಟ್ ಏನು ತೋರಿಸುತ್ತದೆ ಎಂದು ನಾವು ಯಾರೂ ಸರಿಯಾಗಿ ಕೇಳಲಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ: ಒಂದು ವಸ್ತು ಸಣ್ಣದು ಎಂಬುದಕ್ಕೆ ಅಂಕ ಕಳೆಯಬಾರದು. ಹಾಗೆಂದು ಸಣ್ಣದು ಎಂಬ ಒಂದೇ ಕಾರಣಕ್ಕೆ ಅಂಕ ಕೊಡಲೂ ಬಾರದು. ಅದರಲ್ಲಿ ಏನನ್ನು ಇಟ್ಟಿದ್ದಾರೆ, ಏನನ್ನು ಬಿಟ್ಟಿದ್ದಾರೆ, ಯಾಕೆ ಬಿಟ್ಟಿದ್ದಾರೆ ಎಂದು ಕೇಳಬೇಕು. ಫೋಲಂಡ್ ಕಂಪೆನಿಯ ಕಥೆ ಪೂರ್ತಿಯಾಗಿ ಈ ಪ್ರಶ್ನೆಯ ಕಥೆ.

ಶುರುವಿನಿಂದ ನೋಡೋಣ. 1936ರಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹ್ಯಾಂಬಲ್ ಎಂಬಲ್ಲಿ ಬ್ರಿಟಿಷ್ ಮರೀನ್ ಏರ್‌ಕ್ರಾಫ್ಟ್ ಎಂಬ ಕಂಪೆನಿ ಹುಟ್ಟಿತು. ಅಮೆರಿಕದ ಸಿಕೋರ್ಸ್ಕಿ ಕಂಪೆನಿಯ ದೊಡ್ಡ ಹಾರುವ ದೋಣಿಗಳನ್ನು, ಅಂದರೆ ನೀರಿನ ಮೇಲಿಂದ ಏರಿ ನೀರಿನ ಮೇಲೇ ಇಳಿಯುವ ವಿಮಾನಗಳನ್ನು, ಪರವಾನಗಿ ಪಡೆದು ಕಟ್ಟುವುದು ಅದರ ಉದ್ದೇಶ. ಆ ಯೋಜನೆ ಕೈಗೂಡಲಿಲ್ಲ. ಮುಂದಿನ ವರ್ಷ ಹೆನ್ರಿ ಫೋಲಂಡ್ ಎಂಬ ಅನುಭವಿ ವಿನ್ಯಾಸಕಾರರು ಬಂದು ಕಂಪೆನಿಯನ್ನು ವಹಿಸಿಕೊಂಡರು, ಹೆಸರೂ ಬದಲಾಯಿತು. ಮೊದಲನೆಯ ಮಹಾಯುದ್ಧದ ಪ್ರಸಿದ್ಧ ಎಸ್‌.ಇ.5 ವಿಮಾನದ ವಿನ್ಯಾಸದಲ್ಲಿ ಮುಖ್ಯ ಪಾತ್ರ ವಹಿಸಿದವರು ಅವರು. ಗ್ಲಾಸ್ಟರ್ ಗ್ಲಾಡಿಯೇಟರ್ ವಿಮಾನವೂ ಅವರದ್ದೇ.

ಇಷ್ಟು ದೊಡ್ಡ ಹೆಸರು ಇದ್ದರೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಫೋಲಂಡ್ ಕಂಪೆನಿ ಮಾಡಿದ್ದು ಮುಖ್ಯವಾಗಿ ಇತರರ ಕೆಲಸ. ಸ್ಪಿಟ್‌ಫೈರ್, ಮಸ್ಕಿಟೋ ಮುಂತಾದ ವಿಮಾನಗಳಿಗೆ ಬೇಕಾದ ಭಾಗಗಳನ್ನು ತಯಾರಿಸಿ ಕೊಡುತ್ತಿತ್ತು. ಸ್ವಂತದ್ದು ಎಂದು ಹೇಳಲು ಹೊಸ ಎಂಜಿನ್‌ಗಳನ್ನು ಆಕಾಶದಲ್ಲಿ ಪರೀಕ್ಷಿಸುವ ಒಂದು ಬಗೆಯ ವಿಮಾನ ಇತ್ತು, ಅದೂ ಒಟ್ಟು ಹನ್ನೆರಡು. ಹೀಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಭಾಗಗಳನ್ನು ಮಾಡಿದ ಕಂಪೆನಿಗೆ ಯಾವ ಭಾಗ ಎಷ್ಟು ತೂಗುತ್ತದೆ, ಯಾವುದನ್ನು ಮಾಡಲು ಎಷ್ಟು ಹೊತ್ತು ಬೇಕು ಎಂಬ ತಿಳಿವಳಿಕೆ ಚೆನ್ನಾಗಿ ಇದ್ದಿರಬೇಕು ಎಂದು ನನ್ನ ಊಹೆ.

1950ರ ಹೊತ್ತಿಗೆ ಅಲ್ಲಿಗೆ ಇನ್ನೊಬ್ಬರು ಬಂದರು. ಅವರ ಹೆಸರು ಟೆಡ್ಡಿ ಪೆಟರ್. ಇಂಗ್ಲಿಷ್ ಎಲೆಕ್ಟ್ರಿಕ್ ಕಂಪೆನಿಯಲ್ಲಿದ್ದಾಗ ಕ್ಯಾನ್‌ಬೆರಾ ಎಂಬ ಜೆಟ್ ಬಾಂಬರ್ ವಿಮಾನವನ್ನು ರೂಪಿಸಿದವರು. ಅದರ ಮೊದಲ ಹಾರಾಟ 1949ರಲ್ಲಿ. ಮುಂದೆ ನಮ್ಮ ವಾಯುಪಡೆಯೂ ಅದನ್ನು ಬಹುಕಾಲ ಬಳಸಿತು. 1951ರಲ್ಲಿ ಹೆನ್ರಿ ಫೋಲಂಡ್ ನಿವೃತ್ತರಾದಾಗ ಪೆಟರ್ ಕಂಪೆನಿಯ ಚುಕ್ಕಾಣಿ ಹಿಡಿದರು. ಅವರ ತಲೆಯಲ್ಲಿ ಒಂದೇ ಚಿಂತೆ: ಯುದ್ಧವಿಮಾನಗಳು ವರ್ಷದಿಂದ ವರ್ಷಕ್ಕೆ ಭಾರವೂ ದುಬಾರಿಯೂ ಆಗುತ್ತಿವೆ, ಇದು ಹೀಗೇ ಆಗಲೇಬೇಕಾ?

ಭಾರ ಯಾಕೆ ಹೆಚ್ಚುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಒಂದು ವಿಮಾನಕ್ಕೆ 10 ಕಿಲೋ ತೂಕದ ಹೊಸ ಉಪಕರಣ ಸೇರಿಸುತ್ತೇವೆ ಎಂದಿಟ್ಟುಕೊಳ್ಳಿ. ಅದನ್ನು ಹೊರಲು ರೆಕ್ಕೆ ತುಸು ದೊಡ್ಡದಾಗಬೇಕು. ರೆಕ್ಕೆ ದೊಡ್ಡದಾದರೆ ಅದರ ತೂಕ ಸೇರಿತು, ಗಾಳಿಯ ತಡೆಯೂ ಹೆಚ್ಚಿತು. ಮೊದಲಿನ ವೇಗವೇ ಬೇಕಾದರೆ ಎಂಜಿನ್ ದೊಡ್ಡದಾಗಬೇಕು. ದೊಡ್ಡ ಎಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ, ಆದ್ದರಿಂದ ಟ್ಯಾಂಕ್ ದೊಡ್ಡದಾಗಬೇಕು. ಇಷ್ಟೆಲ್ಲ ಭಾರ ಹೊತ್ತು ಇಳಿಯಲು ಚಕ್ರ, ಕಾಲು ಗಟ್ಟಿಯಾಗಬೇಕು. ಕೊನೆಗೆ ಲೆಕ್ಕ ಹಾಕಿದರೆ ನೀವು ಸೇರಿಸಿದ 10 ಕಿಲೋ ಎಲ್ಲಿಯೋ ಹೋಗಿ ನಿಂತಿರುತ್ತದೆ.

ಇದರ ಹಿಂದೆ ನಿಮಗೆ ಗೊತ್ತಿರುವ ಗಣಿತವೇ ಇದೆ. ಒಂಬತ್ತು ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಒಂದನ್ನು ಬೇರೆ ಇಡಿ, ಅದನ್ನು ನೋಡಿಕೊಂಡಿರಿ. ಅದೇ ಆಕಾರ ಎಲ್ಲ ಕಡೆಗೂ ಎರಡು ಪಾಲು ಆಗಬೇಕಾದರೆ ಎಷ್ಟು ಪೊಟ್ಟಣ ಜೋಡಿಸಬೇಕು? ಎರಡು ಉದ್ದಕ್ಕೆ, ಎರಡು ಅಗಲಕ್ಕೆ, ಎರಡು ಎತ್ತರಕ್ಕೆ, ಒಟ್ಟು ಎಂಟು. ತೂಕ ಎಂಟು ಪಾಲು ಆಯಿತು. ಆದರೆ ಮೇಲ್ಮುಖದ ವಿಸ್ತೀರ್ಣ ನಾಲ್ಕೇ ಪಾಲು. ವಿಮಾನವನ್ನು ಮೇಲೆತ್ತುವುದು ರೆಕ್ಕೆಯ ವಿಸ್ತೀರ್ಣ, ಕೆಳಗೆಳೆಯುವುದು ತೂಕ. ಒಂದೇ ಆಕಾರವನ್ನು ಎರಡು ಪಾಲು ದೊಡ್ಡದು ಮಾಡಿದರೆ ರೆಕ್ಕೆಯ ಪ್ರತಿ ಚದರ ಮೀಟರ್ ಮೊದಲಿಗಿಂತ ಎರಡು ಪಾಲು ಭಾರ ಹೊರಬೇಕಾಗುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ, ಸಣ್ಣದು ಮಾಡುತ್ತಾ ಹೋದರೆ ಏನು ಲಾಭ ಎಂದು ನೀವೇ ಯೋಚಿಸಿ.

ಪೆಟರ್ ಮತ್ತು ಅವರ ತಂಡ ಇದೇ ದಾರಿ ಹಿಡಿದರು. ಸರ್ಕಾರದ ಆರ್ಡರ್ ಇಲ್ಲದೆ, ಕಂಪೆನಿಯ ಸ್ವಂತ ದುಡ್ಡಿನಿಂದ. ಮೊದಲು ಮಿಡ್ಜ್ ಎಂಬ ಪ್ರಯೋಗದ ವಿಮಾನ. ಮಿಡ್ಜ್ ಅಂದರೂ ಒಂದು ಪುಟ್ಟ ನೊಣವೇ. 1954ರ ಆಗಸ್ಟ್ 11ರಂದು ಅದು ಹಾರಿತು. ತುಂಬ ಸಣ್ಣ ಎಂಜಿನ್ ಇದ್ದರೂ ಕೆಳಮುಖವಾಗಿ ಧುಮುಕುವಾಗ ಶಬ್ದದ ವೇಗವನ್ನು ದಾಟಿತು. ಮುಂದಿನ ವರ್ಷ, 1955ರ ಜುಲೈ 18ರಂದು ನ್ಯಾಟ್ ಹಾರಿತು. ಅದರೊಳಗೆ ಇದ್ದದ್ದು ಬ್ರಿಸ್ಟಲ್ ಕಂಪೆನಿಯ ಆರ್ಫಿಯಸ್ ಎಂಬ ಹಗುರವಾದ, ಸರಳವಾದ ಜೆಟ್ ಎಂಜಿನ್.

ಏನನ್ನು ಬಿಟ್ಟರು, ಏನನ್ನು ಇಟ್ಟರು ನೋಡಿ. ಅದೇ ಕಾಲದ ಹಾಕರ್ ಹಂಟರ್ ವಿಮಾನದಲ್ಲಿ 30 ಮಿಲಿಮೀಟರಿನ ನಾಲ್ಕು ಫಿರಂಗಿ ಇದ್ದವು, ನ್ಯಾಟ್‌ನಲ್ಲಿ ಎರಡು. ಆಕಾಶದಲ್ಲಿ ವೇಗ ತಗ್ಗಿಸಲು ವಿಮಾನಗಳಿಗೆ ಸಾಮಾನ್ಯವಾಗಿ ಬೇರೆಯೇ ಗಾಳಿ ಬ್ರೇಕ್ ಇರುತ್ತದೆ. ನ್ಯಾಟ್‌ನಲ್ಲಿ ಚಕ್ರಗಳನ್ನು ಅರ್ಧ ಇಳಿಸಿದರೆ ಅವುಗಳ ಬಾಗಿಲುಗಳೇ ಗಾಳಿಯನ್ನು ತಡೆದು ಬ್ರೇಕಿನ ಕೆಲಸ ಮಾಡುತ್ತಿದ್ದವು. ಒಂದೇ ವಸ್ತುವಿಗೆ ಎರಡು ಕೆಲಸ. ಮನೆಯಲ್ಲಿ ಅಮ್ಮ ಒಂದೇ ಪಾತ್ರೆಯನ್ನು ಅಳತೆಗೂ ಮುಚ್ಚಳಕ್ಕೂ ಬಳಸುವುದಿಲ್ಲವೇ, ಹಾಗೆ.

ಲಾಭ ಎಷ್ಟಾಯಿತು? ನ್ಯೂಟನ್ನನ ಎರಡನೆಯ ನಿಯಮ ಹಾಕಿ ನೋಡೋಣ. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ. ಬಾಂಬು, ಹೊರಗಿನ ಟ್ಯಾಂಕು ಯಾವುದೂ ಇಲ್ಲದ ನ್ಯಾಟ್ ಸುಮಾರು 3,000 ಕಿಲೋಗ್ರಾಂ, ಎಂಜಿನ್ ಕೊಡುವ ನೂಕುಬಲ ಸುಮಾರು 20,000 ನ್ಯೂಟನ್. ಭಾಗಿಸಿದರೆ ಹೆಚ್ಚುಕಡಿಮೆ 6.7. ಹಂಟರ್‌ನ ಹೆಚ್ಚು ಶಕ್ತಿಯ ಮಾದರಿಗೆ ಸುಮಾರು 8,000 ಕಿಲೋಗ್ರಾಂ ಮತ್ತು 45,000 ನ್ಯೂಟನ್. ಭಾಗಿಸಿದರೆ 5.6. ಗಾಳಿಯ ತಡೆಯನ್ನು ಬಿಟ್ಟು ಮಾಡಿದ ಒರಟು ಲೆಕ್ಕ ಇದು. ಆದರೂ ವಿಷಯ ಗೊತ್ತಾಯಿತಲ್ವಾ? ಅರ್ಧಕ್ಕಿಂತ ಕಡಿಮೆ ಬಲದ ಎಂಜಿನ್ ಹೊತ್ತ ವಿಮಾನ ಹೆಚ್ಚು ಚುರುಕಾಗಿ ಮುನ್ನುಗ್ಗಬಲ್ಲದು.

ಇಲ್ಲಿಗೇ ನಿಲ್ಲಿಸಿದರೆ ಇದು ಬರೀ ಹೊಗಳಿಕೆ ಆಗುತ್ತದೆ. ಬ್ರಿಟಿಷ್ ವಾಯುಪಡೆ ನ್ಯಾಟನ್ನು ಯುದ್ಧವಿಮಾನವಾಗಿ ಕೊಳ್ಳಲೇ ಇಲ್ಲ. 1958ರಲ್ಲಿ ಏಡನ್‌ನ ಬಿಸಿಲಲ್ಲಿ ನ್ಯಾಟ್ ಮತ್ತು ಹಂಟರ್‌ಗಳನ್ನು ಹೋಲಿಸಿ ಪರೀಕ್ಷೆ ನಡೆಸಿದರು. ಕೆಳಗಿನ ಗುರಿಗಳ ಮೇಲೆ ದಾಳಿ ಮಾಡುವ ಕೆಲಸಕ್ಕೆ ಆಯ್ಕೆಯಾದದ್ದು ಹಂಟರ್. ಹೆಚ್ಚು ಭಾರವನ್ನು ಹೆಚ್ಚು ದೂರ ಹೊರಬೇಕು ಎಂದರೆ ಸಣ್ಣ ವಿಮಾನಕ್ಕೆ ಕಷ್ಟ. ನ್ಯಾಟ್‌ನ ರೆಕ್ಕೆಯಡಿ ಹೆಚ್ಚುವರಿ ಇಂಧನದ ಟ್ಯಾಂಕು ತೂಗಿಸಿದರೆ ಬಾಂಬಿಗೆ ಜಾಗ ಕಡಿಮೆ, ಬಾಂಬು ತೂಗಿಸಿದರೆ ಇಂಧನ ಕಡಿಮೆ. ಆ ಪರೀಕ್ಷೆ ನಡೆಸಿದವರನ್ನು ನಾನು ದೂರುವುದಿಲ್ಲ. ಅವರು ಗಾತ್ರ ನೋಡಿ ತಳ್ಳಿಹಾಕಲಿಲ್ಲ, ಹಾರಿಸಿ ನೋಡಿ, ತಮ್ಮ ಕೆಲಸಕ್ಕೆ ಯಾವುದು ಹೊಂದುತ್ತದೆ ಎಂದು ತೀರ್ಮಾನಿಸಿದರು. ನಾನು ಆ ಸೋಪಿನ ಡಬ್ಬಿಯ ವಿಷಯದಲ್ಲಿ ಅಷ್ಟೂ ಮಾಡಲಿಲ್ಲ.

ಮುಂದೆ ಬ್ರಿಟನ್ನಿನಲ್ಲಿ ನ್ಯಾಟ್ ಎರಡು ಆಸನದ ತರಬೇತಿ ವಿಮಾನವಾಯಿತು. ರೆಡ್ ಆ್ಯರೋಸ್ ಎಂಬ ಪ್ರಸಿದ್ಧ ಪ್ರದರ್ಶನ ತಂಡ 1965ರಿಂದ 1979ರವರೆಗೆ ಹಾರಿಸಿದ್ದು ಇದನ್ನೇ. ಒಂಟಿ ಆಸನದ ನ್ಯಾಟನ್ನು ಫಿನ್ಲೆಂಡ್ 13ರಷ್ಟು ಕೊಂಡಿತು. ಅದನ್ನು ಎಲ್ಲರಿಗಿಂತ ಹೆಚ್ಚಾಗಿ ನೆಚ್ಚಿಕೊಂಡ ದೇಶ ಭಾರತ.

1956ರಲ್ಲಿ ಭಾರತ ಫೋಲಂಡ್ ಜೊತೆ ಒಪ್ಪಂದ ಮಾಡಿಕೊಂಡಿತು. ಕೊಳ್ಳುವುದು ಮಾತ್ರ ಅಲ್ಲ, ಪರವಾನಗಿ ಪಡೆದು ಇಲ್ಲಿಯೇ ಕಟ್ಟುವುದು. ಕಟ್ಟಿದ್ದು ಬೆಂಗಳೂರಿನ ಎಚ್‌ಎಎಲ್. ಸೊಲ್ಲಾಪುರದ ಕಡೆಯ ವಿದ್ಯಾರ್ಥಿಗಳು ಗಮನಿಸಿ, 1940ರಲ್ಲಿ ಮೈಸೂರು ಸರ್ಕಾರದ ನೆರವಿನೊಂದಿಗೆ ಆ ಕಾರ್ಖಾನೆಯನ್ನು ಶುರು ಮಾಡಿದ ವಾಲ್‌ಚಂದ್ ಹೀರಾಚಂದ್ ಹುಟ್ಟಿದ್ದು ನಿಮ್ಮ ಸೊಲ್ಲಾಪುರದಲ್ಲಿ. ಎಚ್‌ಎಎಲ್ ಇನ್ನೂರರಷ್ಟು ನ್ಯಾಟ್‌ಗಳನ್ನು ಕಟ್ಟಿತು. ಆರ್ಫಿಯಸ್ ಎಂಜಿನ್ನುಗಳೂ ಬೆಂಗಳೂರಿನಲ್ಲೇ ತಯಾರಾದವು. ಆಗಷ್ಟೇ ಜೆಟ್ ವಿಮಾನದ ಕೆಲಸ ಕಲಿಯುತ್ತಿದ್ದ ದೇಶಕ್ಕೆ ಕಡಿಮೆ ಖರ್ಚಿನ, ಸರಳ ರಚನೆಯ ವಿಮಾನ ಸಿಕ್ಕಿದ್ದು ಒಳ್ಳೆಯದೇ ಆಯಿತು ಎಂದು ನನಗನ್ನಿಸುತ್ತದೆ.

1965ರ ಯುದ್ಧದಲ್ಲಿ ನ್ಯಾಟ್‌ಗಳು ಪಾಕಿಸ್ತಾನದ ಬಳಿಯಿದ್ದ ಅಮೆರಿಕದ ಸೇಬರ್ ವಿಮಾನಗಳಿಗೆ ಎದುರಾದವು. ಗಾತ್ರ ಸಣ್ಣದಾದ್ದರಿಂದ ಆಕಾಶದಲ್ಲಿ ಅದನ್ನು ಕಂಡುಹಿಡಿಯುವುದೇ ಕಷ್ಟ. ಆಮೇಲೆ ಅದಕ್ಕೆ ಸೇಬರ್ ಸ್ಲೇಯರ್, ಅಂದರೆ ಸೇಬರ್‌ಗಳನ್ನು ಕೊಂದದ್ದು, ಎಂಬ ಹೆಸರು ಬಂತು. ಎಷ್ಟು ಬಿದ್ದವು ಎಂಬುದಕ್ಕೆ ಎರಡು ದೇಶಗಳ ಲೆಕ್ಕ ಹೊಂದುವುದಿಲ್ಲ. ವಿಜ್ಞಾನ ಓದುವವರು ಇಂಥ ಕಡೆ ಒಂದೇ ಕಡೆಯ ಸಂಖ್ಯೆಯನ್ನು ಹಿಡಿದು ಕೂರಬಾರದು. 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ ಶತ್ರು ವಿಮಾನಗಳ ದಾಳಿಯ ನಡುವೆಯೇ ನ್ಯಾಟ್ ಏರಿಸಿ ಹೋರಾಡಿ ಪ್ರಾಣ ಕೊಟ್ಟ ನಿರ್ಮಲ್ ಜಿತ್ ಸಿಂಗ್ ಸೆಖೋಂ ಅವರಿಗೆ ಪರಮವೀರ ಚಕ್ರ ಸಂದಿತು. ವಾಯುಪಡೆಯಲ್ಲಿ ಆ ಗೌರವ ಪಡೆದವರು ಅವರೊಬ್ಬರೇ. ಒಂದು ಮಾತು ಮರೆಯಬೇಡಿ ಮಕ್ಕಳೇ, ವಿಮಾನ ಎಷ್ಟೇ ಜಾಣತನದ್ದಾಗಿರಲಿ, ಯುದ್ಧದಲ್ಲಿ ಸಾಯುವವರು ಮನುಷ್ಯರು. ಎರಡೂ ಕಡೆಯ ಮನೆಗಳಲ್ಲಿ ಅಳುವವರು ಇರುತ್ತಾರೆ.

ನ್ಯಾಟ್‌ನ ಹುಳುಕುಗಳೂ ಇದ್ದವು, ಅವನ್ನು ಮುಚ್ಚಿಡಬಾರದು. ಬಾಲದ ಭಾಗವನ್ನು ತಿರುಗಿಸುವ ಹೈಡ್ರಾಲಿಕ್ ವ್ಯವಸ್ಥೆ ತೊಂದರೆ ಕೊಡುತ್ತಿತ್ತು. ಫಿರಂಗಿಗಳು ಕೆಲವೊಮ್ಮೆ ನಡುವಿನಲ್ಲೇ ಕಚ್ಚಿಕೊಳ್ಳುತ್ತಿದ್ದವು. ಎಲ್ಲವೂ ಒತ್ತೊತ್ತಾಗಿ ತುಂಬಿದ ಪುಟ್ಟ ವಿಮಾನದಲ್ಲಿ ರಿಪೇರಿಗೆ ಕೈ ಹಾಕುವುದೂ ಸುಲಭ ಅಲ್ಲ. ಬೆಂಗಳೂರಿನ ಎಂಜಿನಿಯರುಗಳು ಈ ಹುಳುಕುಗಳ ಪಟ್ಟಿ ಹಿಡಿದುಕೊಂಡೇ ಮುಂದಿನ ಹೆಜ್ಜೆ ಇಟ್ಟರು. ನಿಯಂತ್ರಣ ವ್ಯವಸ್ಥೆಯನ್ನು ಸುಧಾರಿಸಿದರು. ಇಂಧನವನ್ನು ರೆಕ್ಕೆಯೊಳಗೇ ತುಂಬುವಂತೆ ಮಾಡಿದರು, ಹಾಗಾಗಿ ರೆಕ್ಕೆಯಡಿಯ ಜಾಗ ಬೇರೆ ಹೊರೆಗೆ ಸಿಕ್ಕಿತು. ಏಡನ್‌ನಲ್ಲಿ ಕಾಣಿಸಿಕೊಂಡ ಕೊರತೆಗೆ ಇದು ಒಂದು ಮಟ್ಟಿನ ಉತ್ತರ ಅಲ್ವಾ? ಆ ಸುಧಾರಿತ ವಿಮಾನದ ಹೆಸರು ಅಜಿತ್. 1975ರಲ್ಲಿ ಮೊದಲು ಹಾರಿದ ಆ ಮಾದರಿ 1991ರವರೆಗೂ ಸೇವೆಯಲ್ಲಿತ್ತು.

ಇಷ್ಟರಲ್ಲಿ ಫೋಲಂಡ್ ಕಂಪೆನಿ ಏನಾಯಿತು? 1950ರ ದಶಕದ ಕೊನೆಗೆ ಬ್ರಿಟಿಷ್ ಸರ್ಕಾರ ಸಣ್ಣಪುಟ್ಟ ವಿಮಾನ ಕಂಪೆನಿಗಳೆಲ್ಲ ಸೇರಿ ಕೆಲವೇ ದೊಡ್ಡ ಗುಂಪುಗಳಾಗಬೇಕು ಎಂದು ಒತ್ತಾಯ ತಂದಿತು. 1959ರಲ್ಲಿ ಹಾಕರ್ ಸಿಡ್ಲಿ ಗುಂಪು ಫೋಲಂಡನ್ನು ಕೊಂಡಿತು. ಪೆಟರ್‌ಗೆ ಇದು ಸರಿಬರಲಿಲ್ಲ. ಕಂಪೆನಿ ಬಿಟ್ಟರು, ವಿಮಾನದ ಕೆಲಸವನ್ನೇ ಬಿಟ್ಟರು, ಸ್ವಿಟ್ಜರ್‌ಲೆಂಡಿಗೆ ಹೋಗಿ ನೆಲೆಸಿದರು. ಕೆಲವು ವರ್ಷಗಳಲ್ಲಿ ಫೋಲಂಡ್ ಎಂಬ ಹೆಸರೂ ಅಳಿಯಿತು. ಆದರೆ ಅದರ ವಿಮಾನ ಬೆಂಗಳೂರಿನಲ್ಲಿ ಹುಟ್ಟುತ್ತಲೇ ಇತ್ತು.

ಈಗ ಮತ್ತೆ ನಮ್ಮ ಶಾಲೆಗೆ ಬನ್ನಿ. ಗಡಿಯ ಈಚೆ ಆಚೆ ಇರುವ ನಮ್ಮ ಕನ್ನಡ ಶಾಲೆಗಳು ಹೆಚ್ಚಿನವು ಸಣ್ಣವು. ತರಗತಿಯಲ್ಲಿ ಮಕ್ಕಳು ಕಡಿಮೆ, ಲ್ಯಾಬಿನಲ್ಲಿ ಸಾಮಾನು ಕಡಿಮೆ. ಮೇಳಕ್ಕೆ ಹೋದಾಗ ದೊಡ್ಡ ಶಾಲೆಯ ದೊಡ್ಡ ಮಾದರಿ ನೋಡಿ ನೀವು ಕುಗ್ಗುವುದನ್ನು ನಾನು ಕಂಡಿದ್ದೇನೆ. ಕೆಲವರು ಹಟಕ್ಕೆ ಬಿದ್ದು ಅಪ್ಪ ಅಮ್ಮನ ಹತ್ತಿರ ದುಡ್ಡು ಕೇಳಿ ಥರ್ಮೋಕೋಲ್ ತರುವುದನ್ನೂ ಕಂಡಿದ್ದೇನೆ. ಸಾಮಾನು ಕಡಿಮೆ ಇರುವುದು ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಲ್ಯಾಬಿಗೆ ಬೇಕಾದದ್ದು ಬೇಕೇ ಬೇಕು, ಅದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು. ನ್ಯಾಟ್‌ಗೂ ಒಳ್ಳೆಯ ಎಂಜಿನ್ ಸಿಕ್ಕಿದ್ದರಿಂದಲೇ ಅದು ಹಾರಿದ್ದು. ಬೇಕಾದದ್ದೇ ಇಲ್ಲದಿರುವುದು ಬೇರೆ, ಬೇಡದ್ದನ್ನು ಬಿಡುವುದು ಬೇರೆ. ಇವೆರಡನ್ನು ಬೆರೆಸಬೇಡಿ.

ಆದ್ದರಿಂದ ನನ್ನದೊಂದು ಸಲಹೆ. ಈ ವರ್ಷ ಮೇಳಕ್ಕೆ ಮಾದರಿ ಮಾಡುವಾಗ ವಿವರಣೆಯ ಕಾಗದದಲ್ಲಿ ಮೂರು ಸಾಲು ಹೆಚ್ಚಿಗೆ ಬರೆಯಿರಿ. ಒಂದು, ಇದು ಮಾಡಬೇಕಾದ ಒಂದೇ ಕೆಲಸ ಯಾವುದು. ಎರಡು, ನಾವು ಏನನ್ನು ಬಿಟ್ಟೆವು, ಯಾಕೆ. ಮೂರು, ಇದರಿಂದ ಆಗದ ಕೆಲಸ ಯಾವುದು. ಮೂರನೆಯದನ್ನು ಬರೆಯಲು ಹೆದರಬೇಡಿ. ನ್ಯಾಟ್‌ನಿಂದ ಆಗದ್ದು ಏನು ಎಂದು ಬರೆದಿಟ್ಟುಕೊಂಡದ್ದರಿಂದಲೇ ಅಜಿತ್ ಹುಟ್ಟಿತು. ತೀರ್ಪುಗಾರರಾಗಿ ಹೋಗುವ ನನ್ನ ಸಹೋದ್ಯೋಗಿಗಳೂ ಈ ಮೂರನ್ನು ಕೇಳಲಿ ಎಂದು ಇಲ್ಲಿಯೇ ವಿನಂತಿಸುತ್ತೇನೆ. ಬಣ್ಣಕ್ಕೂ ಗಾತ್ರಕ್ಕೂ ಕೊಡುವ ಅಂಕ ಈ ಉತ್ತರಗಳಿಗೆ ಹೋಗಲಿ.

ಆ ಇಬ್ಬರು ಹುಡುಗಿಯರು ಈಗ ಎಲ್ಲಿ ಓದುತ್ತಿದ್ದಾರೋ ನನಗೆ ತಿಳಿಯದು. ಈ ಸಂಚಿಕೆ ಅವರ ಕೈಗೆ ಸಿಕ್ಕಿದರೆ ಅವರಿಗೆ ನನ್ನದೊಂದು ಮಾತು: ನಿಮ್ಮ ಡಬ್ಬಿಯಲ್ಲಿ ಬೇಡದ್ದು ಒಂದೂ ಇರಲಿಲ್ಲ. ಅದನ್ನು ಅಂದೇ ಹೇಳಬೇಕಿತ್ತು.

ಉಳಿದವರೆಲ್ಲ ಅಂಗಳಕ್ಕೆ ಹೋಗಿ ಆ ಎರಡು ಗೆರೆ ಎಳೆಯಲು ಮರೆಯಬೇಡಿ. ಎಳೆದಾದ ಮೇಲೆ ನಡುವೆ ನಿಂತು, ನಿಮ್ಮ ಮಾದರಿಯಿಂದ ಏನನ್ನು ತೆಗೆಯಬಹುದು ಎಂದು ಗೆಳೆಯರ ಜೊತೆ ಮಾತಾಡಿ.